ಮಂಚೂರಿಗೂ ಒಂದು ವಾಶ್

ಜೀನ್ಸ್ ಪ್ಯಾಂಟ್ ಹೊಲಿಸಬಲ್ಲ ಗಂಡಸಿಗೆ ಗೋಬಿ ಮಂಚೂರಿ ಯಾವ ಲೆಕ್ಕ? ಒಂದು ಪ್ಯಾಂಟಿಗೆ ಜೇಬು, ಜಿಪ್ಪು, ಪಟ್ಟಿ, ಲೂಪು, ಗುಂಡಿ ಎಂದು ಸಾವಿರ ರಗಳೆ. ಮಂಚೂರಿಗೆ ಏನಿದೆ? ಹೂಕೋಸು, ಹಿಟ್ಟು, ಎಣ್ಣೆ, ಸಾಸು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಬೆವರು ಸುರಿಸಿ ಕೆಲಸ ಕಲಿತು, ಈಗ ಆಂಧ್ರ ಗಡಿಯ ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಲೈನ್ ಮಾಸ್ಟರ್ ಆಗಿರುವ ಉಚ್ಚಂಗೆಪ್ಪ ನಾನು. ಐದನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನಾದರೂ ನನ್ನ ಒಂದು ಕೂಗಿಗೆ ಇಡೀ ಸಾಲಿನ ಮೆಷಿನ್ನುಗಳು ಒಟ್ಟಿಗೆ ನಿಲ್ಲುತ್ತವೆ. "ಈ ಭಾನುವಾರ ಮನೆಯಲ್ಲೇ ಮಂಚೂರಿ, ಅದೂ ನನ್ನ ಉಸ್ತುವಾರಿಯಲ್ಲಿ" ಎಂದು ಮನೆಮಂದಿಯ ಮುಂದೆ ಘೋಷಿಸಿಬಿಟ್ಟೆ.

ಕಾರಣ ಮಗಳು ಜ್ಯೋತಿ. ಆ ವಾರದ ಮೊದಲಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಗೆಳತಿಯರ ಜೊತೆ ತಳ್ಳುಗಾಡಿಯ ಮುಂದೆ ನಿಂತು ಮಂಚೂರಿ ತಿನ್ನುತ್ತಿದ್ದಳು. ಬಾಣಲೆಯಲ್ಲಿದ್ದ ಎಣ್ಣೆಯ ಬಣ್ಣ ನೋಡಿ ನನ್ನ ತಲೆ ಕೆಟ್ಟಿತು. "ಏನಯ್ಯಾ, ಈ ಎಣ್ಣಿ ನಿಮ್ಮಜ್ಜ ಬಿಟ್ಟುಹೋದ ಆಸ್ತಿ ಏನು?" ಎಂದು ಗಾಡಿಯವನನ್ನು ಕೇಳಿದೆ. ಕೇಳಿದೆ ಎನ್ನುವುದು ನನ್ನ ಮಾತು. ಬಸ್ಸು ಹತ್ತಿ ಕೂತವರೂ ಇಳಿದು ಬಂದು ನೋಡಿದರು ಎನ್ನುವುದು ನನ್ನ ಹೆಂಡತಿ ಸರ್ವಮಂಗಳಮ್ಮನ ಮಾತು. ಗೆಳತಿಯರು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕರು. ಜ್ಯೋತಿ ತಟ್ಟೆ ಇಟ್ಟು ಸರಸರ ಮನೆಗೆ ನಡೆದಳು.

ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಒಬ್ಬಳೇ ಮಗಳು. ನಾನು ಯೂನಿಟ್ಟಿನಿಂದ ಬಂದು ಚಪ್ಪಲಿ ಬಿಡುವುದರೊಳಗೆ "ಅಪ್ಪಾ, ಚಾ ಕುಡೀತೀಯೇನು?" ಎನ್ನುತ್ತಿದ್ದವಳು. ಆ ಒಂದು 'ಅಪ್ಪಾ' ಇಲ್ಲದೆ ಚಾ ರುಚಿಸುತ್ತಿರಲಿಲ್ಲ. ಅದನ್ನು ವಾಪಸು ತರಲೆಂದೇ ನಾನು ಮಂಚೂರಿಯ ರಣರಂಗಕ್ಕೆ ಇಳಿದದ್ದು.

ಭಾನುವಾರ ಜ್ಯೋತಿ ಗೆಳತಿಯ ಮನೆಗೆ ಹೋದದ್ದೇ ತಡ, ಅಡುಗೆಮನೆಯಲ್ಲಿ ಲೈನ್ ಹಾಕಿಸಿದೆ. ನಮ್ಮವ್ವ ಓಬಮ್ಮ ಹೂಕೋಸು ಬಿಡಿಸಿ ಬಿಸಿನೀರಿನಲ್ಲಿ ಅದ್ದಬೇಕು. ಹೆಂಡತಿ ಹಿಟ್ಟು ಕಲಸಿ ಕರಿಯಬೇಕು. ಸಾಸು ಹಾಕಿ ಫಿನಿಶಿಂಗ್ ಮಾಡುವುದು ನಾನು.

"ಯೂನಿಟ್ಟಿನ್ಯಾಗ ಜೇಬು ಹೊಲಿಯೋನು ಜಿಪ್ಪಿನ ಕಡಿ ನೋಡಂಗಿಲ್ಲ. ಇಲ್ಲೂ ಹಂಗ. ಅವರವರ ಕೆಲಸ ಅವರು ನೋಡ್ರಿ. ಯಾರೂ ಬಾಯಿ ಬಿಡಂಗಿಲ್ಲ" ಎಂದೆ.

"ಒಂದು ಮಾತು ಕೇಳ್ಲೇನ್ರಿ?" ಎಂದಳು ಹೆಂಡತಿ.

"ಏನೂ ಕೇಳಬ್ಯಾಡ."

"ಅಲ್ರಿ, ಉಪ್ಪಿನ ವಿಚಾರ..."

"ಲೈನ್ಯಾಗ ಮಾತಿಲ್ಲ ಅಂದ್ನಲ್ಲ."

ಅವ್ವ ಹೂಕೋಸಿನಿಂದ ತಲೆ ಎತ್ತದೆ, "ನಿಮ್ಮಪ್ಪನೂ ಹಿಂಗ ಒದರ್ತಿದ್ದ. ಆದ್ರ ಅಡಿಗಿಮನಿಗೆ ಕಾಲಿಡ್ತಿದ್ದಿಲ್ಲ, ಪುಣ್ಯಾತ್ಮ" ಎಂದಳು.

ಮಾಲು ಕೈಯಿಂದ ಕೈಗೆ ಸರಾಗವಾಗಿ ಬಂತು. ನಾನು ಸೋಯಾ ಸಾಸು ಸುರಿದೆ, ಮೆಣಸಿನಕಾಯಿ ಸಾಸು ಸುರಿದೆ, ಉಪ್ಪು ಹಾಕಿದೆ, ಕೆಂಪು ಬಣ್ಣದ ಪೊಟ್ಟಣ ಪೂರ್ತಿ ಬಗ್ಗಿಸಿದೆ. ಬಣ್ಣ ತೆಳುವಾದರೆ ಕೊಳ್ಳುವ ಪಾರ್ಟಿ ಮಾಲು ವಾಪಸು ಕಳಿಸುತ್ತದೆ ಎಂಬುದು ನನ್ನ ಇಷ್ಟು ವರ್ಷದ ಅನುಭವ. ಮಂಚೂರಿ ಮದುವಣಗಿತ್ತಿಯ ಸೀರೆಯಂತೆ ಝಗಝಗಿಸಿತು.

"ಹೋಗು, ಜ್ಯೋತಿನ್ನ ಕರಕೊಂಡು ಬಾ. ಬಿಸಿ ಆರೋದ್ರೊಳಗ ಬರಬೇಕು" ಎಂದೆ. ಹೆಂಡತಿ ಹಿತ್ತಿಲ ಬಾಗಿಲಿನಿಂದ ಹೋದಳು.

ಆಮೇಲೆ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಕಣ್ಣು ಕತ್ತಲೆ ಬಂತು. ಅದು ಮಂಚೂರಿಯಲ್ಲ, ಉಪ್ಪಿನ ಹರಳು.

"ಅವ್ವಾ, ನೀನೂ ಉಪ್ಪು ಹಾಕಿದ್ದೇನು?"

"ಬಿಸಿನೀರಿಗೆ ಹಾಕಿದೆ. ಹುಳ ಸಾಯಬೇಕಲ್ಲಪ್ಪ. ಆಮ್ಯಾಲ ನಿನ್ನ ಹೆಂಡ್ತಿ ಹಿಟ್ಟಿಗೆ ಹಾಕಿದ್ಲು."

"ಹೇಳಬಾರದಿತ್ತಾ?"

"ಬಾಯಿ ಬಿಡಂಗಿಲ್ಲ ಅಂದೆಲ್ಲಪ್ಪಾ."

ಬೇರೆಯವರಾಗಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದರು. ಜೀನ್ಸಿನವನು ಕೂರುವುದಿಲ್ಲ. ನಮ್ಮಲ್ಲಿ ಬಣ್ಣ ಹೆಚ್ಚಾದರೆ ವಾಶ್, ಬಟ್ಟೆ ಬಿರುಸಾದರೆ ವಾಶ್, ಕಲೆ ಬಿದ್ದರೆ ವಾಶ್. ವಾಶಿಂಗಿನಿಂದ ಹೊರಬಿದ್ದ ಮೇಲೆ ಅದೇ ತಪ್ಪು ಫ್ಯಾಷನ್ ಎನ್ನಿಸಿಕೊಳ್ಳುತ್ತದೆ. ಮಂಚೂರಿಯನ್ನು ಬಕೆಟ್ಟಿಗೆ ಸುರಿದು ಚೆನ್ನಾಗಿ ಜಾಲಾಡಿಸಿದೆ. ನೀರು ಚೆಲ್ಲಿದೆ. ಮತ್ತೆ ಜಾಲಾಡಿಸಿದೆ, ಮತ್ತೆ ಚೆಲ್ಲಿದೆ. ಉಪ್ಪು ಹೋಯಿತು. ಜೊತೆಗೆ ಗರಿಗರಿಯೂ ಹೋಗಿ, ಮಳೆಯಲ್ಲಿ ನೆನೆದ ಕಾಲುಚೀಲದಂತೆ ಜೋತುಬಿತ್ತು.

ವಾಶ್ ಆದ ಮಾಲಿನ ನೀರು ತೆಗೆಯುವುದು ಹೇಗೆ? ಮನೆಯಲ್ಲಿ ವಾಶಿಂಗ್ ಮೆಷಿನ್ ಇರುವಾಗ ಚಿಂತೆ ಯಾಕೆ? ಮಂಚೂರಿಯನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿ ಡ್ರೈಯರಿಗೆ ಇಳಿಸಿದೆ.

"ಲೋ ಉಚ್ಚಂಗ್ಯಾ, ಏನ್ ಮಾಡಾಕ ಹತ್ತಿದೀಯೋ?" ಅವ್ವನ ದನಿ ನಡುಗಿತು.

"ನೀ ಸುಮ್ನ ಕುಂದ್ರು" ಎಂದು ಗುಂಡಿ ತಿರುಗಿಸಿದೆ.

ಮೆಷಿನ್ನು ಗಡಗಡ ನಡುಗಿತು. ನಿಂತ ಜಾಗ ಬಿಟ್ಟು ನನ್ನ ಕಡೆಗೇ ನಡೆದು ಬಂತು. ಒಳಗೆ ಗಂಟು ಬಿಚ್ಚಿಕೊಂಡಿತೋ ಏನೋ, ಮುಚ್ಚಳ ಎತ್ತಿದ್ದೇ ಕೆಂಪು ರಾಡಿ ನನ್ನ ಮುಖ, ಬನಿಯನ್ನು, ಗೋಡೆಗೆಲ್ಲ ರಾಚಿತು. ನನ್ನ ಸಿಟ್ಟು ನೆತ್ತಿಗೇರಿತು. "ಇವತ್ತು ನಿನ್ನ ಮುಗಸೇ ಬಿಡ್ತೀನಿ" ಎಂದು ಮೆಷಿನ್ನಿಗೆ ಎರಡು ಬಾರಿಸಿದೆ. ಅವ್ವ "ಅಯ್ಯಯ್ಯೋ ಮಾರೆವ್ವಾ" ಎಂದು ಬಾಯಿ ಬಡಿದುಕೊಂಡಳು.

ಬೀದಿ ಬಾಗಿಲು ಧಡಧಡ ಸದ್ದಾಯಿತು. ತೆರೆದರೆ ಎದುರುಮನೆಯ ಕದಿರಪ್ಪ, ಪಕ್ಕದ ಮನೆಯ ನರಸಕ್ಕ, ಅವರ ಬೆನ್ನಿಗೆ ಇಡೀ ಬೀದಿ. ಯಾರೂ ನನ್ನ ಮುಖ ನೋಡುತ್ತಿಲ್ಲ. ನಮ್ಮ ಮನೆಯಿಂದ ಚರಂಡಿಗೆ ಹರಿಯುವ ನೀರು ನೋಡುತ್ತಿದ್ದಾರೆ. ಹೊಸ ಜೀನ್ಸ್ ಒಗೆದು ನೀಲಿ ನೀರು ಹರಿದರೆ ನಮ್ಮ ಬೀದಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಇದು ಕೆಂಪಗೆ ಹರಿಯುತ್ತಿತ್ತು.

"ಏಮೈಂದಿ ಮಾಸ್ಟರ್ರ? ಏನಾತು?" ಎಂದ ಕದಿರಪ್ಪ. ಗಾಬರಿಯಾದರೆ ಅವನ ಬಾಯಿಗೆ ತೆಲುಗೇ ಬರುವುದು.

"ಮಂಗಳಕ್ಕ ಎಲ್ಲಿ?" ಎಂದಳು ನರಸಕ್ಕ.

"ನಮ್ಮ ಮನಿ ವಿಚಾರ ನಿಮಗ್ಯಾಕ?" ಎಂದು ಗದರಿದೆ.

ನರಸಕ್ಕ ಗೋಡೆಗೊರಗಿ, "ಬಂಗಾರದಂಥಾ ಹೆಣ್ಮಗಳು" ಎಂದು ಅಳತೊಡಗಿದಳು. ಯಾರೋ ಫೋನ್ ತೆಗೆದು ಪೊಲೀಸರ ನಂಬರು ಕೇಳುತ್ತಿದ್ದರು. ಆಗ ನನ್ನ ಕೈ ನೋಡಿಕೊಂಡೆ. ಮೊಣಕೈವರೆಗೆ ಕೆಂಪು.

"ಮಂಚೂರಿ ನರಸಕ್ಕ. ಮಂಚೂರಿ ಒಗೀತಿದ್ದೆ."

"ಮಂಚೂರಿನ್ನ ಯಾರಾದ್ರೂ ಒಗೀತಾರೇನ್ರಿ?" ಎಂದು ಕದಿರಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ನಾನು ಕೈಯನ್ನು ಬನಿಯನ್ನಿಗೆ ಒರೆಸಿದೆ, ಬನಿಯನ್ನು ಇನ್ನಷ್ಟು ಕೆಂಪಾಯಿತು.

ಅಷ್ಟರಲ್ಲಿ ಜನರ ನಡುವೆ ದಾರಿ ಮಾಡಿಕೊಂಡು ಹೆಂಡತಿ, ಮಗಳು ಬಂದರು. ನರಸಕ್ಕ ನನ್ನ ಹೆಂಡತಿಯ ಕೈ ಹಿಡಿದು, ಮೈ ಮುಟ್ಟಿ, ಕೆನ್ನೆ ಸವರಿ ನೋಡಿದಳು. ಹಿಂದಿನಿಂದ ಯಾರೋ, "ಇವತ್ತು ಉಳಿದ್ಲು. ಆ ಸಿಟ್ಟಿಗೆ ನಾಳಿ ಏನ್ ಗತಿಯೋ" ಎಂದರು.

ಜ್ಯೋತಿ ತಟ್ಟನೆ ತಿರುಗಿದಳು. "ನಮ್ಮಪ್ಪ ಒದರ್ತಾನ, ಹೌದ್ರಿ. ಆದ್ರ ಇವತ್ತಿನ ತನಕ ನಮ್ಮವ್ವನ ಮ್ಯಾಲ ಕೈ ಎತ್ತಿಲ್ಲ. ನಿಮ್ಮ ನಿಮ್ಮ ಮನಿಗೆ ನಡೀರಿ."

ನನ್ನ ಕಣ್ಣು ತುಂಬಿತು. ಸಾಸಿನ ಖಾರ ಎಂದು ಒರೆಸಿಕೊಂಡೆ. "ಜ್ಯೋತಿ, ಮಾತಾಡಿದ್ಯಲ್ಲವ್ವಾ. ನೀ ಮಾತು ಬಿಟ್ಟೀದಿ ಅಂತ್ಲೇ ನಾ ಇಷ್ಟೆಲ್ಲಾ ಮಾಡಿದ್ದು."

ಅವಳು ನನ್ನ ಜೊತೆ ಒಳಗೆ ಬಂದು ಗೋಡೆ ನೋಡಿದಳು, ಡ್ರೈಯರಿನೊಳಗೆ ಬಗ್ಗಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನಾ ಯಾವಾಗ ಮಾತು ಬಿಟ್ಟಿದ್ದೆ ಅಪ್ಪಾ? ಅವತ್ತಿನ ಸಿಟ್ಟು ಅವತ್ತ ಇಳೀತು. ಮರುದಿನದಿಂದ ಮಾತಾಡಾಕ ಬರ್ತಾನ ಅದೀನಿ. ಬಂದಾಗೆಲ್ಲ ನೀ ಮಂಚೂರಿ ಮಂಚೂರಿ ಅಂತ ಒದರ್ತಾನ ಇದ್ದಿ. ನಡುವ ಒಂದು ಸಂದು ಬಿಟ್ಟಿದ್ರ ಮಾತಾಡ್ತಿದ್ದೆ."

ತಕ್ಕ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಹೋಗಿರೆಂದರೂ ಹೋಗದ ಇಡೀ ಬೀದಿ ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿತ್ತು. ಡ್ರೈಯರಿಗೆ ಕೈ ಹಾಕಿ, ಸಿಕ್ಕ ಒಂದು ತುಂಡು ಬಾಯಿಗಿಟ್ಟು ಬಾಯಿ ಮುಚ್ಚಿದೆ. ಸೋಪಿನ ಪುಡಿಯ ರುಚಿ. ಮಗಳು ಮಾತಾಡುತ್ತಲೇ ಇದ್ದಳು. ನಾನು ಅಗಿಯುತ್ತಲೇ ಇದ್ದೆ.