ಫೋಲ್ಡರ್ ಇದ್ದರೂ ಪರವಾಗಿಲ್ಲ

ದುಡಿದು ಮೇಲೆ ಬಂದವನಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಯಾರಾದರೂ ‘ಬೇಡ’ ಅಂದರೆ, ಅದು ತನ್ನ ಓದನ್ನು ಅಳೆದು ಹೇಳಿದ ಮಾತೆಂದೇ ಕೇಳಿಸುತ್ತದೆ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟು, ಸಿದ್ದಾಪುರ ಪೇಟೆಯಲ್ಲಿ ಸ್ವಂತ ಫೋಟೋ ಸ್ಟುಡಿಯೋ ನಿಲ್ಲಿಸಿದ ನನಗೆ ಅದು ತುಸು ಹೆಚ್ಚೇ.

ನನ್ನ ಹೆಂಡತಿಯ ತಂಗಿ ಸುಮಿತ್ರಾ ಶಿರಸಿಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಮದುವೆಯ ಫೋಟೋಗಳನ್ನು ಕ್ಯಾಮೆರಾದ ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸಲು ಪೈಥಾನ್ ಎಂಬ ಪ್ರೋಗ್ರಾಮ್ ಭಾಷೆಯಲ್ಲಿ ನಾಲ್ಕು ಸಾಲು ಬರೆದುಕೊಟ್ಟಿದ್ದಳು. ಪೈಥಾನಿನ ಜೊತೆಗೇ ಬರುವ ಕಾಪಿಟ್ರೀ ಎಂಬ ಆಜ್ಞೆ, ಒಂದು ಫೋಲ್ಡರನ್ನು ಅದರ ಹೊಟ್ಟೆಯೊಳಗಿನ ಫೋಲ್ಡರುಗಳ ಸಮೇತ ನಕಲು ಮಾಡುತ್ತದೆ. ನಾನೋ, ಗಿರಾಕಿಯ ಹೆಸರಿನಲ್ಲಿ ಮೊದಲೇ ಖಾಲಿ ಫೋಲ್ಡರ್ ಮಾಡಿಡುತ್ತಿದ್ದೆ. ನೆಂಟರು ಬಂದಮೇಲೆ ಕಂಬಳಿ ಹುಡುಕುವ ರೂಢಿ ನಮ್ಮಲ್ಲಿಲ್ಲ. ಕಾಪಿಟ್ರೀಗೆ ಅದೇ ಆಗದು. ಫೋಲ್ಡರ್ ಆಗಲೇ ಇದೆ ಎಂದು ಹಟ ಹಿಡಿದು ಕೂತಿತು. ಫೋನಿನಲ್ಲಿ ಸುಮಿತ್ರಾಳ ಮೇಲೆ ಸಿಟ್ಟಾದೆ. ‘ಇದ್ದರೂ ಪರವಾಗಿಲ್ಲ’ ಎಂದು ಆ ಸಾಲಿನಲ್ಲೇ ಒಪ್ಪಿಗೆ ಬರೆಯಲು ಜಾಗವಿದೆ, ಆದರೆ ಬರೆಯಬೇಡಿ, ಒಂದೇ ಹೆಸರಿನ ಫೋಟೋ ಬಂದರೆ ಹಳೆಯದು ಹೋಗುತ್ತದೆ ಅಂದಳು. ಬೇಡ ಅಂದಮೇಲೆ ಬರೆಯದೆ ಇರಲಾದೀತೇ?

ತ್ಯಾಗಲಿ ಊರಿನ ಒಂದು ಮದುವೆಗೆ ಎರಡು ಕ್ಯಾಮೆರಾ ಒಯ್ದಿದ್ದೆ. ಎರಡೂ ಒಂದೇ ಥರದವು, ಫೋಟೋಗಳಿಗೆ ಒಂದರಿಂದಲೇ ನಂಬರು ಹಾಕುವಂಥವು. ಎರಡು ಕಾರ್ಡನ್ನೂ ಒಂದೇ ಫೋಲ್ಡರಿಗೆ ಇಳಿಸಿದೆ. ಕಾಪಿಟ್ರೀ ತುಟಿ ಬಿಚ್ಚಲಿಲ್ಲ. ಶಿಸ್ತಿನ ಮನುಷ್ಯ ನಾನು, ಕೂಡಲೇ ಕಾರ್ಡುಗಳನ್ನು ಅಳಿಸಿಟ್ಟೆ. ಹದಿನೈದು ದಿನಕ್ಕೆ ಮದುಮಗಳ ಅಜ್ಜಿ ತೀರಿಕೊಂಡರು. ಹುಡುಗಿಯ ಅಪ್ಪ ಬಂದು, ಧಾರೆಯ ಹೊತ್ತಿಗೆ ಅಜ್ಜಿ ನಕ್ಕ ಫೋಟೋ ದೊಡ್ಡದು ಮಾಡಿಕೊಡಿ ಎಂದರು. “ನಮ್ಮವ್ವಂದು ಬೇರೆ ಫೋಟೋನೇ ಇಲ್ಲ ಮಾರಾಯ್ರೆ.” ಫೋಲ್ಡರಿನಲ್ಲಿ ಹುಡುಕಿದರೆ ಎರಡನೇ ಕಾರ್ಡಿನ ಊಟದ ಪಂಕ್ತಿಯಿತ್ತು, ಮೊದಲನೆಯದರ ಧಾರೆ ಇರಲಿಲ್ಲ.

ನಾಳೆ ಬನ್ನಿ ಎಂದು ಅವರನ್ನು ಕಳಿಸಿ ಶಿರಸಿಗೆ ಫೋನ್ ಮಾಡಿದೆ. ಮರುದಿನ ಸುಮಿತ್ರಾ ಬಸ್ಸಿಗೆ ಬಂದಳು.

“ಆ ಒಪ್ಪಿಗೆ ಬರದ್ರಾ ಭಾವ?”

“ಬರದೆ.”

“ನಾ ಬೇಡ ಅಂದಿದ್ದೆ.”

“ಅದಕ್ಕೇ ಬರದೆ.”

ಆಷಾಢವಾದ್ದರಿಂದ ಕಾರ್ಡುಗಳನ್ನು ಮತ್ತೆ ಬಳಸಿರಲಿಲ್ಲ. ಅಳಿಸಿದ್ದನ್ನು ಎತ್ತುವ ಪ್ರೋಗ್ರಾಮ್ ಹಾಕಿ ಕೂತಳು. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಗುತ್ತಾ ತೆರೆಯ ಮೇಲೆ ಬಂದರು.

ಹುಡುಗಿಯ ಅಪ್ಪ ಕಣ್ಣೊರೆಸಿಕೊಂಡು, ಎಷ್ಟು ಜೋಪಾನ ಮಾಡಿಟ್ಟಿದ್ದೀರಿ ಅಂದರು. “ನಮ್ದು ಹಾಗೇ. ಎರಡೆರಡು ಕಡೆ ಇಟ್ಟಿರ್ತೀವಿ” ಅಂದೆ. ಪಕ್ಕದಲ್ಲೇ ಇದ್ದ ಸುಮಿತ್ರಾ ಚಾದ ಲೋಟದಿಂದ ಮುಖ ಎತ್ತಲಿಲ್ಲ. ಬೈದಿದ್ದರೆ ನಾನೂ ಒಂದು ಮಾತಾಡಿ ಗೆಲ್ಲುತ್ತಿದ್ದೆ. ಅಂದಿನಿಂದ ನಿಜಕ್ಕೂ ಎರಡು ಕಡೆ ಇಡುತ್ತಿದ್ದೇನೆ. ಹೇಳಿದ ಸುಳ್ಳನ್ನು ದುಡಿದಾದರೂ ನಿಜ ಮಾಡಬೇಕಲ್ಲ, ಮರ್ಯಾದಸ್ಥ ನಾನು.