ಹಡಗಿನ ಹಲ್ಲು ನೋಡಲು ಹೊರಟವರು

ಹಡಗಿನ ಬಾಯಿ ತೆರೆಸಿ ಹಲ್ಲು ನೋಡಿ ವ್ಯಾಪಾರ ಮಾಡಬೇಕೆನ್ನುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಂಡಿಲ್ಲವಾದರೆ ಮುಂಡರಗಿಗೆ ಬನ್ನಿ. ನಮ್ಮ ಮನೆಯ ಕಟ್ಟೆಯ ಮೇಲೆ ಅಂಥವರೊಬ್ಬರು ಕುಳಿತಿರುತ್ತಾರೆ. ನೋಡುವುದಕ್ಕೆ ಟಿಕೆಟ್ಟಿಲ್ಲ. ಬೇಕಾದರೆ ನಾನೇ ಚಹಾ ಮಾಡಿ ಕೊಡುತ್ತೇನೆ!

ಅವರು ನಮ್ಮ ಯಜಮಾನರು. ಹೆಸರು ಹೇಳುವ ರೂಢಿ ನನಗಿಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ದನದ ಸಂತೆ ಕೂಡಿದಲ್ಲೆಲ್ಲ ಎತ್ತಿನ ದಲಾಲಿ ಮಾಡಿಕೊಂಡು ಬಂದವರು. ಈಗ ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದವು, ಇವರಿಗೂ ಮೊಣಕಾಲು ಕೈಕೊಟ್ಟವು. ಆದರೆ ಕಣ್ಣು ಮಾತ್ರ ಸಂತೆಯ ಕಣ್ಣಾಗಿಯೇ ಉಳಿದಿದೆ. ಮನೆಗೆ ಫ್ರಿಜ್ ತಂದ ದಿನ ಅದರ ಸುತ್ತ ಎರಡು ಸುತ್ತು ಹಾಕಿ, ಬೆನ್ನು ತಟ್ಟಿ, "ಮೈಕಟ್ಟು ಛಲೋ ಐತಿ. ತಿನ್ನೂದು ಎಷ್ಟು?" ಎಂದು ಕೇಳಿದರು. ಕರೆಂಟು ಬಿಲ್ಲು ಬಂದಾಗ ಉತ್ತರ ಸಿಕ್ಕಿತು.

ನನ್ನನ್ನು ನೋಡಲು ಬಂದಾಗಲೂ ಹೀಗೇ. ಬೇರೆ ಗಂಡುಗಳು ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳುತ್ತಿದ್ದ ಕಾಲ. ಇವರು, "ಸ್ವಲ್ಪ ಆ ಕಡೆ ನಡದು ತೋರಸ್ಲಿ" ಎಂದರು. ನಡೆದೆ. "ಈಗ ಈ ಕಡೆ" ಎಂದರು. ಹಾಗೂ ನಡೆದೆ. ಸದ್ಯ, ನಾನು ನಗಲಿಲ್ಲ. ನಕ್ಕಿದ್ದರೆ ಹಲ್ಲೂ ಎಣಿಸಿಬಿಡುತ್ತಿದ್ದರು!

ಇಂಥವರ ತಲೆಗೆ ಹಡಗು ಹೊಕ್ಕಿದ್ದು ನಮ್ಮ ಮೊಮ್ಮಗಳಿಂದ. ಹುಲಕೋಟಿಗೆ ಮದುವೆ ಮಾಡಿಕೊಟ್ಟಿದ್ದೇವೆ. ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೇ ಮುಂಬಯಿಯಿಂದ ಗೋವೆಗೆ ಹಡಗಿನಲ್ಲಿ ಹೋಗಿ ಬಂದರು. ಅದನ್ನೆಲ್ಲ ಮೊಬೈಲಿನಲ್ಲಿ ತುಂಬಿಕೊಂಡು ಬಂದು ಅಜ್ಜನಿಗೆ ತೋರಿಸಿದಳು. ಅಜ್ಜ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ಎರಡು ಕುರ್ಚಿ, ನಡುವೆ ಸಣ್ಣ ಮೇಜು, ಮುಂದೆ ಬರೇ ನೀರು.

"ಇದರಾಗ ಮುದುಕರನ್ನ ಹತ್ತಿಸಿಕೊಂತಾರೇನು?" ಎಂದರು.

"ಹತ್ತಿಸಿಕೊಂತಾರ ಅಜ್ಜಾ. ಹೋಗ್ರಿ ನೀವೂ, ಆಯೀನ್ನ ಕರಕೊಂಡು. ನಿಮ್ಮದೂ ಹನಿಮೂನ್ ಆಗಲಿ!"

"ನನಗ್ಯಾಕವ್ವಾ ಅದು?" ಎಂದೆ ನಾನು. "ಹಲ್ಲಿಲ್ಲದ ಬಾಯಿಗೆ ಕಬ್ಬು ಕೊಟ್ಟಂಗಾತು."

ಬಾಯಲ್ಲಿ ಹಾಗೆ ಅಂದೆ. ಸುಳ್ಳೇಕೆ ಹೇಳಲಿ, ನನಗೆ ಹೋಗುವ ಮನಸ್ಸಿತ್ತು. ಸಮುದ್ರಕ್ಕಾಗಿ ಅಲ್ಲ. ನೀರನ್ನು ನೋಡಿ ಮಾಡುವುದೇನಿದೆ? ನಾವು ತಿರುಗಾಡಿಲ್ಲ ಎಂದಲ್ಲ. ಸವದತ್ತಿಗೆ ಹೋಗಿದ್ದೇವೆ, ಧರ್ಮಸ್ಥಳಕ್ಕೆ ಹೋಗಿದ್ದೇವೆ. ಹೋದಾಗಲೆಲ್ಲ ಟೆಂಪೋ ತುಂಬ ಮಂದಿ. ರೊಟ್ಟಿ ಗಂಟು, ವಾಂತಿ ಮಾಡುವ ಮಕ್ಕಳು, ಇವರ ಅಕ್ಕ, ಅವರ ಮೊಣಕಾಲಿನ ಎಣ್ಣೆ, ಇವುಗಳ ನಡುವೆ ಹಿಂದಿನ ಸೀಟಿನಲ್ಲಿ ನಾನು. ಡ್ರೈವರನ ಪಕ್ಕದಲ್ಲಿ ಇವರು. ಮದುವೆಯಾಗಿ ಐವತ್ತು ವರ್ಷವಾಯಿತು, ಇಬ್ಬರೇ ಎಲ್ಲಿಗೂ ಹೋಗಿಲ್ಲ, ಒಂದು ಸೀಟಿನಲ್ಲಿ ಕೂತಿಲ್ಲ. ಆ ಎರಡು ಕುರ್ಚಿ ನನ್ನ ಕಣ್ಣಿಗೂ ಬಿದ್ದಿದ್ದವು. ಅದನ್ನು ಬಾಯಿಬಿಟ್ಟು ಹೇಳುವುದುಂಟೇ? ನಮ್ಮ ಕಡೆ ಹೆಂಗಸರು ಅಂಥದ್ದನ್ನು ಕೇಳಿದರೆ ಓಣಿಗೆ ಓಣಿಯೇ ನಗುತ್ತದೆ.

ಮುಂದಿನ ವಾರ ಗದಗಿಗೆ ಹೊರಟೆವು. ಟಿಕೆಟ್ ಮಾಡಿಕೊಡುವ ಆಫೀಸು ಬಸ್‌ಸ್ಟ್ಯಾಂಡಿನಿಂದ ಹತ್ತಿರ. ಇವರು ಮುಂದೆ, ನಾನು ಹಿಂದೆ. ಸಂತೆಯ ನಡಿಗೆ ಇವರದು, ಹಿಂದೆ ತಿರುಗಿ ನೋಡಿದವರಲ್ಲ. ಹಿಂದೆ ಬರುವುದು ಹಗ್ಗ ಹರಿದುಕೊಂಡು ಹೋಗುವುದಿಲ್ಲ ಎಂಬ ನಂಬಿಕೆ!

ಆಫೀಸಿನಲ್ಲಿ ಒಬ್ಬ ತರುಣ ಇದ್ದ. ಕಂಪ್ಯೂಟರ್ ತಿರುಗಿಸಿ ಹಡಗಿನ ಚಿತ್ರ ತೋರಿಸಿದ. ಇವರು ಚಿತ್ರದ ಹಿಂದೆ ಏನಿದೆ ಎಂದು ಬಗ್ಗಿ ನೋಡಿದರು. ಅಲ್ಲಿ ವೈರು ಬಿಟ್ಟು ಏನೂ ಇರಲಿಲ್ಲ.

"ವಯಸ್ಸೆಷ್ಟು ಇದಕ್ಕ?"

"ಯಾವುದಕ್ರಿ ಅಜ್ಜಾರ?"

"ಹಡಗಿಗೆ. ಬಾಯಿಗೂಡೇತೋ ಇನ್ನೂ ನಾಕಲ್ಲೋ?"

ಎತ್ತಿಗೆ ಹಲ್ಲು ಪೂರ್ತಿ ಬಂದರೆ ಬಾಯಿಗೂಡಿತು ಎನ್ನುತ್ತಾರೆ, ನಾಲ್ಕೇ ಬಂದಿದ್ದರೆ ನಾಕಲ್ಲು. ಪಾಪ, ಕಂಪ್ಯೂಟರಿನವನಿಗೆ ಏನು ತಿಳಿಯಬೇಕು? ಅವನು ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

"ನಡು ಹಾದ್ಯಾಗ ಮಲಗೋ ಚಾಳಿ ಐತೇನು?" ಇವರ ಮುಂದಿನ ಪ್ರಶ್ನೆ.

"ಅಜ್ಜಾರ, ಅದು ಹಡಗರೀ!"

"ಅದಕ್ಕಽ ಕೇಳಾಕತ್ತೀನಿ. ಎತ್ತು ಮಲಗಿದ್ರ ಬಾಲ ತಿರುವಿ ಎಬ್ಬಿಸಬಹುದು. ಇದರ ಬಾಲ ಯಾವ ಕಡಿ ಐತಿ, ತೋರ್ಸು."

ಆ ಹುಡುಗ ಒಳ್ಳೆಯವನು. ನಿಜವಾಗಿ ಹಡಗಿನ ಹಿಂಭಾಗ ತೋರಿಸಿದ. ಇವರು ತಲೆಯಾಡಿಸಿದರು. ಬಾಲ ಪಸಂದಾಯಿತು.

ಆಮೇಲೆ ಕೋಣೆಯ ಮಾತು. ಕಿಟಕಿ ಇಲ್ಲದ ಕೋಣೆ, ಕಿಟಕಿ ಇರುವ ಕೋಣೆ, ಹೊರಗೆ ಕುರ್ಚಿ ಹಾಕಿಕೊಂಡು ಕೂರುವ ಕೋಣೆ ಎಂದು ಮೂರು ತರಹವಂತೆ. "ಕಿಟಕಿ ಇಲ್ಲದ್ದಽ ಸಾಕು. ಗಾಳಿ ಹೊಡದ್ರ ಥಂಡಿ ಆಗತೈತಿ" ಎಂದರು ಇವರು. ನಾನು ಅಲ್ಲಿಯ ತನಕ ಬಾಯಿ ಬಿಟ್ಟಿರಲಿಲ್ಲ. "ಗ್ವಾಡಿ ನೋಡಾಕ ಸಮುದ್ರಕ್ಕ ಯಾಕ್ರಿ ಹೋಗಬೇಕು? ಮನ್ಯಾಗ ನಾಕು ಗ್ವಾಡಿ ಅದಾವು" ಎಂದೆ. ಹುಡುಗ ನಕ್ಕುಬಿಟ್ಟ. ಇವರು ನನ್ನ ಕಡೆ ತಿರುಗಿ ನೋಡಿ, "ಕುರ್ಚಿ ಇರೂದನ್ನಽ ಬರಿ" ಎಂದರು. ನನಗೆ ಆಶ್ಚರ್ಯವಾಯಿತು.

"ಜೋಡಿ ಬಂದವರಿಗೆ ಒಂದಿನ ರಾತ್ರಿ ಮೇಣಬತ್ತಿ ಬೆಳಕಿನ್ಯಾಗ ಊಟ ಇರತೈತ್ರಿ" ಎಂದ ಹುಡುಗ.

"ಅಲ್ಲೂ ಕರೆಂಟ್ ಹೋಗತೈತೇನೋ?"

"ಇಲ್ರಿ ಅಜ್ಜಾರ, ಬೇಕಂತ ಲೈಟ್ ಆರಸ್ತಾರ. ಪ್ರೀತಿ ಹೆಚ್ಚಾಗಲಿ ಅಂತ."

"ಕತ್ತಲ್ಯಾಗ ಬದನಿಕಾಯಿ ಯಾವುದು ಮೀನಾ ಯಾವುದು ಹೆಂಗ ತಿಳೀಬೇಕಪಾ?" ಎಂದೆ. ನಾವು ಮೀನು ಮುಟ್ಟುವ ಮಂದಿ ಅಲ್ಲ. "ನಮಗ ಲೈಟ್ ಹಾಕಿ ಊಟಕ್ಕ ಕೊಡ್ರಿ. ಪ್ರೀತಿ ಇದ್ದಷ್ಟಽ ಇರ್ಲಿ."

ಕೊನೆಗೆ ರೇಟು. ಹುಡುಗ ಹೇಳಿದ. ಇವರು ಹೆಗಲ ಮೇಲಿನ ಟವಲು ತೆಗೆದರು, ಕೊಡವಿದರು, ಮೇಜಿನ ಮೇಲೆ ಚಾಚಿದ್ದ ಹುಡುಗನ ಕೈಮೇಲೆ ಹೊದಿಸಿ, ಒಳಗೆ ಕೈಹಾಕಿ ಅವನ ಬೆರಳು ಹಿಡಿದರು!

ದನದ ಸಂತೆಯಲ್ಲಿ ವ್ಯಾಪಾರ ಹೀಗೇ ನಡೆಯುವುದು. ನಿಂತವರಿಗೆ ರೇಟು ತಿಳಿಯಬಾರದೆಂದು ಟವಲಿನ ಕೆಳಗೆ ಬೆರಳು ಒತ್ತಿ ಹೇಳುತ್ತಾರೆ. ಗದಗಿನ ಹುಡುಗನಿಗೆ ಇದು ಗೊತ್ತಿರಬೇಕಲ್ಲ? ಅವನು ಚೇಳು ಕಡಿದವನಂತೆ ಎದ್ದು ನಿಂತ. "ಅಜ್ಜಾರ! ಏನ್ ಮಾಡಾಕತ್ತೀರಿ? ಕೈ ಬಿಡ್ರಿ!"

"ನಿನ್ನ ಮಾತು ಬೆರಳಾಗ ಹೇಳು."

"ರೇಟು ನಾ ಹೇಳೂದಲ್ರೀ, ಕಂಪ್ಯೂಟರ್ ಹೇಳತೈತಿ!"

ಇವರು ಟವಲು ಹಿಡಿದುಕೊಂಡು ಕಂಪ್ಯೂಟರನ್ನು ಮೇಲಿಂದ ಕೆಳಗಿನ ತನಕ ನೋಡಿದರು.

"ಹಂಗಾದ್ರ ಅದರ ಕೈ ಎಲ್ಲೈತಿ?"

ಎರಡು ದಿನದಲ್ಲಿ ತಿಳಿಸುತ್ತೇವೆ ಎಂದು ಹೇಳಿ ಎದ್ದೆವು. ತಿಳಿಸುವುದು ಯಾವಾಗ? ಇನ್ನೂ ಹೂಡಿ ನೋಡಿರಲಿಲ್ಲವಲ್ಲ! ನೊಗ ಕಟ್ಟಿ ಎರಡು ಸಾಲು ಹೊಡೆಸಿ ನೋಡದೆ ಇವರು ಜನ್ಮದಲ್ಲಿ ಎತ್ತು ಕೊಡಿಸಿದವರಲ್ಲ. ಹಡಗನ್ನು ಹೂಡಿ ನೋಡುವುದು ಹೇಗೆ? ಮುಂಡರಗಿಗೆ ಸಮುದ್ರ ಎಲ್ಲಿಂದ ಬರಬೇಕು? ಆದರೆ ತುಂಗಭದ್ರೆ ಇದ್ದಾಳೆ. ಮರುದಿನ ಮುಂಜಾನೆ ನನ್ನನ್ನು ಕರೆದುಕೊಂಡು ಹೊಳೆಗೆ ಹೋದರು. ಅಲ್ಲಿ ಮೀನು ಹಿಡಿಯುವವನೊಬ್ಬನಿಗೆ ಹೇಳಿ ಹರಗೋಲು ಹತ್ತಿದೆವು. ಹರಗೋಲೆಂದರೆ ದೊಡ್ಡ ಬುಟ್ಟಿ, ನೀರಿನ ಮೇಲೆ ತೇಲುತ್ತದೆ.

ನಾನು ಹತ್ತಿ ತಳದಲ್ಲಿ ಕೂತೆ. ಇವರು ನಡುವೆ ನಿಂತರು, ಕೈಯಲ್ಲಿ ಬಡಿಗೆ.

"ಯಜಮಾನ್ರ, ಕುಂಡ್ರಿ. ಇದು ಚಕ್ಕಡಿ ಗಾಡಿ ಅಲ್ಲ" ಎಂದ ಹರಗೋಲಿನವನು.

"ನೀ ಹೊಡಿ. ನಾ ಇದರಂಥಾವು ಭಾಳ ನೋಡೀನಿ."

ಅವನು ಹುಟ್ಟು ಹಾಕಿದ. ಹರಗೋಲು ಮುಂದೆ ಹೋಗುವ ಮೊದಲು ಗಿರ್ರನೆ ಒಂದು ಸುತ್ತು ತಿರುಗಿತು. ಇವರು "ಹೋ! ಹೋ! ಹೋ!" ಎಂದು ಕೂಗಿದರು. ಎಂಥ ಸೊಕ್ಕಿನ ಹೋರಿಯೂ ಆ ದನಿಗೆ ನಿಲ್ಲುತ್ತಿತ್ತು. ಹೊಳೆ ನಿಲ್ಲಲಿಲ್ಲ. ಮತ್ತೊಂದು ಸುತ್ತಿಗೆ ಬಡಿಗೆ ನೀರಿಗೆ ಹೋಯಿತು, ಇವರು ನನ್ನ ಮಗ್ಗುಲಿಗೆ ಬಿದ್ದರು. ಆಮೇಲೆ ನೋಡುತ್ತೇನೆ, ನನ್ನ ಸೆರಗು ಎಳೆದು ಮುಖಕ್ಕೆ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದಾರೆ! ನಾನು ಹೊಸ ಮದುಮಗಳಾಗಿದ್ದಾಗ ಕೂಡ ಅಷ್ಟು ಮುಸುಕು ಹಾಕಿರಲಿಲ್ಲ. ಹರಗೋಲಿನವನು ನಗುವುದನ್ನು ತಡೆಯಲು ಆ ಕಡೆ ತಿರುಗಿ ಕೆಮ್ಮಿದ. ನನಗೆ ಮಾತ್ರ ಬಹಳ ಹಿತವಾಗಿತ್ತು. ಇನ್ನೊಂದು ಸಲ ತಿರುಗಿಸಪ್ಪಾ ಎನ್ನಬೇಕೆಂದಿದ್ದೆ, ಇವರ ಪಾಡು ನೋಡಿ ಸುಮ್ಮನಾದೆ.

ದಂಡೆಗೆ ಬಂದು ಮರಳಿನ ಮೇಲೆ ಅಂಗಾತ ಮಲಗಿದರು. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದು ತಮ್ಮ ತೀರ್ಪು ಕೊಟ್ಟರು:

"ಎತ್ತು ಛಲೋ ಐತಿ. ಹೊಲಾನಽ ಸರಿ ಇಲ್ಲ."

ಮನೆಗೆ ಬಂದವರು ಮಾತು ಬಿಟ್ಟರು. ಊಟಕ್ಕೆ ಕರೆದರೆ ಬರುತ್ತಾರೆ, ಉಣ್ಣುತ್ತಾರೆ, ಕಟ್ಟೆಗೆ ಹೋಗಿ ಕೂರುತ್ತಾರೆ. ಗದಗಿನ ಹುಡುಗ ಫೋನು ಮಾಡಿದ. ಕುರ್ಚಿ ಇರುವ ಕೋಣೆ ಒಂದೇ ಉಳಿದಿದೆ, ನಾಳೆ ಹೇಳದಿದ್ದರೆ ಬೇರೆಯವರಿಗೆ ಹೋಗುತ್ತದೆ ಎಂದ. ಇವರು "ಹೂಂ" ಎಂದರು. ಯಾವುದಕ್ಕೆ ಹೂಂ? ನಾನು ಕೇಳಲಿಲ್ಲ. ನನಗೇನು, ಹೋಗದಿದ್ದರೆ ಹೋಗದಿರಲಿ ಎಂದುಕೊಂಡೆ. ಅಂದುಕೊಂಡು ಆ ದಿನ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ.

ಇನ್ನೊಂದು ತೊಡಕು ಇತ್ತು: ಇವರ ಅಕ್ಕ. ತಾಯಿ ಸತ್ತಾಗ ಇವರು ಮೊಣಕಾಲೆತ್ತರ ಇದ್ದರಂತೆ, ಅಕ್ಕನೇ ಬೆಳೆಸಿದವರು. ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದಾರೆ. ಅವರ ಮಾತಿಗೆ ಇವರು ಇಲ್ಲವೆಂದದ್ದು ನಾನು ಕೇಳಿಲ್ಲ. ಥಂಡಿ ಐತಿ ಎಂದು ಅಕ್ಕ ಅಂದರೆ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಸಂತೆಗೆ ಹೋದ ಮನುಷ್ಯ! ಎತ್ತುಗಳೇ ಬೆದರಿದ್ದವಂತೆ. ಹಡಗಿನ ಸುದ್ದಿ ಕಿವಿಗೆ ಬಿದ್ದ ದಿನವೇ ಅಕ್ಕ ಗಂಟು ಕಟ್ಟಿಟ್ಟಿದ್ದರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಣಕಾಲಿನ ಎಣ್ಣೆ.

ಆ ಸಂಜೆ ಪಡಸಾಲೆಯಲ್ಲಿ ತಮ್ಮನ ಎದುರು ಕೂತು ಅಕ್ಕ ಮಾತು ತೆಗೆದರು. ನಾನೂ ಸೊಸೆಯೂ ಅಡುಗೆಮನೆಯಲ್ಲಿದ್ದೆವು. ಕೈ ಒಳಗೆ, ಕಿವಿ ಹೊರಗೆ.

"ತಮ್ಮಾ, ನಿನಗ ನೀರಿನ ಅಂಜಿಕಿ. ಹೊಳಿ ಸುದ್ದಿ ಊರಿಗೆಲ್ಲಾ ಗೊತ್ತಾಗೇತಿ. ಮೂರು ಮಂದೀದು ಖೋಲಿ ಹಿಡಿ, ನಾ ಬರ್ತೀನಿ ಸಂಗಾಟ. ಅದು ಬ್ಯಾಡಾತಂದ್ರ ಹಡಗು ಬಿಟ್ಟಽ ಬಿಡು. ಟೆಂಪೋ ಮಾಡಿ ಎಲ್ಲಾರೂ ಗೋಕರ್ಣಕ್ಕ ಹೋಗಿ ಬರೂಣು. ಅಲ್ಲೂ ಅದಽ ಸಮುದ್ರ."

ತಪ್ಪೇನು ಹೇಳಿದರು? ಎಲ್ಲವೂ ಸರಿಯಾದ ಮಾತೇ. ಇನ್ನು ಇವರು "ಆತಕ್ಕಾ" ಎನ್ನುತ್ತಾರೆ, ನಾನು ಟೆಂಪೋದ ಹಿಂದಿನ ಸೀಟಿಗೆ ಹೋಗುತ್ತೇನೆ. ಹೊಸದೇನಲ್ಲ. ನಾನು ಬೆಳ್ಳುಳ್ಳಿ ಸುಲಿಯುತ್ತ ಆ "ಆತಕ್ಕಾ"ಕ್ಕೆ ಕಾದೆ.

"ಬ್ಯಾಡಕ್ಕಾ" ಎಂದರು ಇವರು.

ಬೆಳ್ಳುಳ್ಳಿ ಕೈಯಲ್ಲೇ ಉಳಿಯಿತು.

"ಯಾಕೋ? ನಾ ಬಂದ್ರ ನಿನಗೇನ್ ಭಾರ?"

"ಭಾರ ಅಲ್ಲಕ್ಕಾ. ನೀ ಬಂದ್ರ ನಾ ನಿನ್ನ ಬಾಜೂಕ ಕುಂಡ್ರಬೇಕಾಗತೈತಿ."

"ಕುಂಡ್ರು! ಬ್ಯಾಡ ಅಂದವರ್ಯಾರು?"

ಸಂತೆಯಲ್ಲಿ ಸಾವಿರ ಮಂದಿಯ ನಡುವೆ ಕೂಗಿ ವ್ಯಾಪಾರ ಮಾಡಿದ ಗಂಟಲು, ಈಗ ಕೇಳಿಸಲೋ ಬೇಡವೋ ಎಂಬಂತೆ ಹೊರಟಿತು.

"ನನಗ ಇಕಿ ಬಾಜೂಕ ಕುಂಡ್ರೂದೈತಿ. ಕುಂತಽ ಇಲ್ಲಕ್ಕಾ ಇನ್ನೂ. ಅಂಜಿಕಿ ಆಗತೈತಿ, ಖರೆ. ಆದ್ರ ಆಗ್ಲಿ. ಅಂಜೂದಾದ್ರೂ ಇಕಿ ಮುಂದಽ ಅಂಜತೀನಿ."

ಆಮೇಲೆ ಅಕ್ಕ, "ಮುದುಕಾದಂಗ ನಾಚಿಕಿ ಬಿಟ್ಟಿ ನೋಡು" ಎಂದರು. ಬೈದಂತೆ ಇರಲಿಲ್ಲ ದನಿ. "ಆತು, ಹೋಗಿ ಬರ್ರಿ ಇಬ್ಬರೂ. ಗಂಟಿನ್ಯಾಗಿನ ರೊಟ್ಟಿ ಒಯ್ರಿ, ಆ ಮೇಣಬತ್ತಿ ಊಟ ಹೊಟ್ಟಿಗೆ ಹತ್ತೂದಿಲ್ಲ."

ಒಳಗೆ ಸೊಸೆ ಕೈಯಲ್ಲಿದ್ದ ಸೌಟು ಬಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ತುಟಿಯ ಮೇಲೆ ನಗೆ ಬೇರೆ.

"ನನ್ನ ಮಾರಿ ಏನ್ ನೋಡ್ತೀಯವಾ? ಒಲಿ ಕಡಿ ನೋಡು, ಹಾಲು ಉಕ್ಕಾಕತ್ತೈತಿ!" ಎಂದು ಗದರಿಸಿದೆ.

ಒಲೆಯ ಮೇಲೆ ಹಾಲು ಇರಲಿಲ್ಲ. ಬೇಳೆ ಇತ್ತು. ಅದಕ್ಕಿನ್ನೂ ಕುದಿಯೂ ಬಂದಿರಲಿಲ್ಲ.