ಎದೆ ಮೇಲಿನ ದೆವ್ವ, ಬೆನ್ನ ಮೇಲಿನ ಚೆಂಡು

ನಾನು ಕುಂತೂರಿನ ಕಡೆ ಕಬ್ಬು ತೂಗುವ ವೇಬ್ರಿಡ್ಜ್‌ನ ಸೂಪರ್‌ವೈಸರ್. ಸೀಸನ್ ಬಂದರೆ ಟ್ರ್ಯಾಕ್ಟರ್ ಸಾಲು ಬಂದೇ ಬರುತ್ತದೆ. ಸಾಲಿನಲ್ಲಿ ಮಲಗಿದ ಯಾರಾದರೊಬ್ಬನ ಎದೆ ಮೇಲೆ ದೆವ್ವವೂ ಕೂತೇ ಕೂರುತ್ತದೆ. ಮಧ್ಯೆ ನುಗ್ಗುವುದಕ್ಕೆ ನಾನು ಮನುಷ್ಯರನ್ನೇ ಬಿಡುವವನಲ್ಲ.

ಹೆಸರು

ಧನಗೆರೆಯ ಡ್ರೈವರ್ ಒಬ್ಬ ಟ್ರ್ಯಾಕ್ಟರ್ ಕೀ ತಂದು ನನ್ನ ಮೇಜಿನ ಮೇಲಿಟ್ಟು, ಮಾಲೀಕರಿಗೆ ಕೊಟ್ಟುಬಿಡಿ ಎಂದ. ಅಂಗಾತ ಮಲಗಿದ್ದನಂತೆ, ಕಣ್ಣು ಬಿಟ್ಟಿದೆ, ಕೈಕಾಲು ಆಡದು, ಎದೆ ಮೇಲೆ ಯಾರೋ ಕೂತಿದ್ದಾರೆ. ದೆವ್ವ ಟ್ರ್ಯಾಕ್ಟರಿನದು, ಆ ಕೆಲಸ ಬಿಡು ಎಂದು ಊರಿನಲ್ಲಿ ತಾಯತ ಕಟ್ಟುವ ಯಜಮಾನರು ಹೇಳಿದ್ದರು. ಬಿಟ್ಟರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಬಿಡದಿದ್ದರೆ ತಾಯಿ ಊಟ ಮಾಡುವುದಿಲ್ಲ.

ದೆವ್ವವಲ್ಲ ಕಣಯ್ಯ, ಮಿದುಳು ಎದ್ದಿರುತ್ತದೆ, ಮೈ ಎದ್ದಿರುವುದಿಲ್ಲ, ಅದಕ್ಕೆ ಸ್ಲೀಪ್ ಪೆರಾಲಿಸಿಸ್ ಅನ್ನುತ್ತಾರೆ ಎಂದೆ.

"ಎಸ್ರು ಮಡಗವ್ರೆ ಅಂದ್ಮೇಲೆ ಅದು ಇರದು ನಿಜ್ವೇ ಅಲ್ವಾ ಸಾ?"

ಕಿರುಬೆರಳು

ಕೀ ವಾಪಸ್ ಕೊಟ್ಟು ನಿಯಮ ಹೇಳಿದೆ. ದಿನವೂ ಒಂದೇ ಹೊತ್ತಿಗೆ ನಿದ್ದೆ. ಮಲಗುವ ಮುಂಚೆ ಟೀ ಇಲ್ಲ. ಅಂಗಾತ ಮಲಗಕೂಡದು. ಆದರೂ ಬಂದರೆ ಹೆದರದೆ ಕಾಲಿನ ಕಿರುಬೆರಳು ಆಡಿಸಲು ನೋಡು, ಮೈ ತಾನಾಗಿ ಬಿಟ್ಟುಕೊಳ್ಳುತ್ತದೆ.

ಮರುದಿನ ಸಾಲಿನ ಡ್ರೈವರ್‌ಗಳೆಲ್ಲ ಚಪ್ಪಲಿ ಕಳಚಿ ಅಭ್ಯಾಸಕ್ಕೆ ಕೂತಿದ್ದರು. ಕೌದಳ್ಳಿಯವನೊಬ್ಬ, ಕಿರುಬೆರಳು ಒಂದೇ ಆಡುವುದಿಲ್ಲ, ಐದೂ ಒಟ್ಟಿಗೆ ಬರುತ್ತವೆ ಎಂದು ದೂರು ತಂದ. ಪರಿಶೀಲಿಸಿ, ಐದಕ್ಕೂ ಅನುಮತಿ ಕೊಟ್ಟೆ.

ಬನಿಯನ್

ನಮ್ಮ ಧನಗೆರೆಯವನು ಪಕ್ಕಕ್ಕೆ ಮಲಗಿದರೂ ನಿದ್ದೆಯಲ್ಲಿ ಅಂಗಾತ ಆಗುತ್ತಿದ್ದ. ಕೊಳ್ಳೇಗಾಲದ ಟೈಲರ್ ಹತ್ತಿರ ಅವನ ಬನಿಯನ್‌ಗೆ ಬೆನ್ನ ಕಡೆ ಜೇಬು ಹೊಲಿಸಿ ಟೆನಿಸ್ ಚೆಂಡು ಹಾಕಿಸಿದೆ. ಅಂಗಾತ ತಿರುಗಿದರೆ ಚೆಂಡು ಒತ್ತುತ್ತದೆ.

ದೆವ್ವ ಬರುವುದು ನಿಂತಿತು. ಅವನ ಹೆಂಡತಿ ನನ್ನನ್ನೇ ಹುಡುಕಿಕೊಂಡು ಬಂದಳು.

"ಅವ್ರ ದೆವ್ವ ಓಯ್ತು ಸಾ. ಆ ಚೆಂಡು ಈಗ ನನ್ ಬೆನ್ಗೆ ಒತ್ತದೆ."

ಯಜಮಾನರು

ಅಷ್ಟಾದರೂ ತಾಯಿ ಒಪ್ಪಲಿಲ್ಲ. ದೆವ್ವ ಇಲ್ಲ ಅನ್ನುವ ಮಾತು ಯಜಮಾನರ ಬಾಯಿಂದಲೇ ಬರಬೇಕಂತೆ. ಒಂದು ಮಧ್ಯಾಹ್ನ ಆ ಯಜಮಾನರೇ ನನ್ನ ಆಫೀಸಿಗೆ ಬಂದು, ಬಾಗಿಲು ಮುಂದೆ ಮಾಡಿ, ತಮಗೂ ಅಂಥದೊಂದು ಬನಿಯನ್ ಬೇಕು ಎಂದರು. ಅವರ ಎದೆ ಮೇಲೂ ಕೂರುತ್ತಿತ್ತಂತೆ.

ಮೊದಲು ಟ್ರ್ಯಾಕ್ಟರಿನಲ್ಲಿ ಏನೂ ಇಲ್ಲ ಎಂದು ಆ ತಾಯಿಗೆ ಹೇಳಿಬನ್ನಿ, ಆಮೇಲೆ ಬನಿಯನ್ ಎಂದೆ. ಸಂಜೆಯೊಳಗೆ ಹೇಳಿಬಂದರು. ತಾಯಿ ಉಂಡಳು, ಮಗ ಟ್ರ್ಯಾಕ್ಟರ್ ಹತ್ತಿದ.

ಬನಿಯನ್ ಕೊಡುವಾಗ, ನಿಮ್ಮದೇ ತಾಯತ ಕಟ್ಟಿಕೊಳ್ಳಬಹುದಿತ್ತಲ್ಲ ಎಂದು ಕೇಳಿದೆ.

ಯಜಮಾನರು ಚೆಂಡನ್ನು ಒತ್ತಿ ನೋಡುತ್ತ ಹೇಳಿದರು: "ತಾಯ್ತದೊಳಗೆ ಏನದೆ ಅಂತ ನಂಗೊತ್ತಲ್ವಾ ಸಾ."